ಅರವತ್ತೊಂದರಲ್ಲಿ ಕಾಫಿ ತೋಟದ ಓಟ: ಫಾರ್ಮ್ ತುಂಬಿದಲ್ಲಿಂದ ಉಗುರು ಕಪ್ಪಾಗುವವರೆಗೆ

ಚಿಕ್ಕಮಗಳೂರಿನ ಕಾಫಿ ತೋಟಗಳ ಮಧ್ಯೆ 30 ಕಿಲೋಮೀಟರ್ ಟ್ರೇಲ್ ಓಟ, ಅಂದರೆ ಬೆಟ್ಟ ತೋಟದ ಮಣ್ಣು ದಾರಿಯ ಓಟ, ಮುಗಿಸಿ ಹೋದ ವಾರ ಮೈಸೂರಿಗೆ ವಾಪಸ್ ಬಂದೆ. ನನಗೆ 61 ವರ್ಷ. ಬ್ಯಾಂಕಿನಿಂದ ನಿವೃತ್ತಿಯಾಗಿದೆ. ಬಿಪಿಗೆ ದಿನಾ ಒಂದು ಮಾತ್ರೆ ತಗೊಳ್ಳುತ್ತೇನೆ. ಮಹಡಿ ಮೆಟ್ಟಿಲು ಇಳಿಯುವಾಗ ಇನ್ನೂ ಕಂಬಿ ಹಿಡಿದುಕೊಂಡೇ ಇಳಿಯುತ್ತಿದ್ದೇನೆ. ಆದರೂ ಎಲ್ಲ ನೆನಪಿರುವಾಗಲೇ ಬರೆದುಬಿಡೋಣ ಅನ್ನಿಸಿತು.

ಹೆಸರು ಕೊಡುವ ಮೊದಲು ನಾನು ಮಾಹಿತಿ ಹುಡುಕಿದಾಗ ಸಿಕ್ಕಿದ್ದೆಲ್ಲ ಮೂವತ್ತರ ಹುಡುಗರು ಬರೆದದ್ದು. ಎಷ್ಟು ಬೇಗ ಓಡಬೇಕು, ಯಾವ ವಾಚ್ ಕಟ್ಟಬೇಕು, ಇದೇ ಜಾಸ್ತಿ. ಡಾಕ್ಟರ್ ಸರ್ಟಿಫಿಕೇಟಿಗೆ ಎಷ್ಟು ಅಲೆಯಬೇಕು, ಟಿಎಂಟಿ ಅನ್ನುವ ಹೃದಯ ಪರೀಕ್ಷೆಗೆ ಯಾವ ಬಟ್ಟೆ ಹಾಕಿಕೊಂಡು ಹೋಗಬೇಕು, ಕೊನೆಯವರಾಗಿ ಬಂದರೆ ನಮ್ಮನ್ನು ಏನು ಮಾಡುತ್ತಾರೆ, ದಾರಿಯಲ್ಲಿ ಟಾಯ್ಲೆಟ್ ಇರುತ್ತಾ, ಇದನ್ನೆಲ್ಲ ಯಾರೂ ಬರೆದಿರಲಿಲ್ಲ. ಓಟದ ಹೆಸರು ನಾನು ಹಾಕುವುದಿಲ್ಲ. ಒಂದೆರಡು ದೂರು ಇವೆ, ಅದಕ್ಕೆ. ಇಂಥ ಓಟಗಳ ನಿಯಮಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ಹಾಗಾಗಿ ಬೇರೆ ಕಡೆ ಹೋಗುವವರಿಗೂ ಉಪಯೋಗಕ್ಕೆ ಬಂದೀತು.

ನನಗೆ ಬೆಟ್ಟದ ರುಚಿ ಹತ್ತಿದ್ದು ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ. ಮೈಸೂರಿನವರಿಗೆ ಅದನ್ನು ವಿವರಿಸಬೇಕಿಲ್ಲ. ಸಾವಿರ ಮೆಟ್ಟಿಲು, ಮುಕ್ಕಾಲು ದಾರಿಯ ಹತ್ತಿರ ದೊಡ್ಡ ನಂದಿ. ಬೆಳಿಗ್ಗೆ ಆರಕ್ಕೆ ಹೋದರೆ ಬರಿಗಾಲಲ್ಲಿ ಹತ್ತುವ ಅಜ್ಜಂದಿರು ಸಿಗುತ್ತಾರೆ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿ ಬಗ್ಗಿ ಏರುವ ಹೆಂಗಸರು ಸಿಗುತ್ತಾರೆ. ಕಲ್ಲುಗಳು ಒಂದೊಂದು ಒಂದೊಂದು ಎತ್ತರ, ಸವೆದು ನುಣುಪಾಗಿವೆ. ಕಾಲು ಎಲ್ಲಿಡಬೇಕು ಅಂತ ನೋಡಿ ನೋಡಿಯೇ ಇಡಬೇಕು. ಮನೆಯ ಚಿಂತೆ, ಮಗನ ಮದುವೆ, ಪಿಂಚಣಿ ಲೆಕ್ಕ ಯಾವುದಕ್ಕೂ ತಲೆಯಲ್ಲಿ ಜಾಗ ಉಳಿಯುವುದಿಲ್ಲ.

ಡಾಂಬರು ರಸ್ತೆಯ ಓಟ ನನಗೆ ಅಷ್ಟು ಹಿಡಿಸಲಿಲ್ಲ. ಬೆಂಗಳೂರಿನ ಟಿಸಿಎಸ್ 10ಕೆ ಓಡಿದ್ದೇನೆ. ಜನ, ಡೋಲು, ಮೆಡಲ್ ಎಲ್ಲ ಚೆನ್ನಾಗಿತ್ತು. ಆದರೆ ಪೂರ್ತಿ ಹೊತ್ತು ಕಣ್ಣು ಗಡಿಯಾರದ ಮೇಲೆ. ಬೆಟ್ಟದಲ್ಲಿ ಹಾಗಲ್ಲ. ಏರಿನಲ್ಲಿ ಎಲ್ಲರೂ ನಡೆಯುತ್ತಾರೆ. ಇಪ್ಪತ್ತೈದರ ಹುಡುಗನೂ ತೊಡೆ ಮೇಲೆ ಕೈಯೂರಿಕೊಂಡೇ ಹತ್ತುತ್ತಾನೆ, ನಾನೂ ಹಾಗೇ ಹತ್ತುತ್ತೇನೆ. ಅದಕ್ಕೆ ಪವರ್ ಹೈಕ್ ಅಂತ ಹೆಸರು ಬೇರೆ ಇಟ್ಟಿದ್ದಾರೆ. ವಯಸ್ಸಾದ ಮೇಲೆ ವೇಗ ಹೋಗುತ್ತದೆ, ನಿಜ. ಬಹಳ ಹೊತ್ತು ನಿಧಾನವಾಗಿ ಹೆಜ್ಜೆ ಹಾಕುವ ಶಕ್ತಿ ಅಷ್ಟು ಬೇಗ ಹೋಗುವುದಿಲ್ಲ. ನಮ್ಮ ವಯಸ್ಸಿನವರಿಗೆ ರಸ್ತೆಗಿಂತ ಬೆಟ್ಟವೇ ಒಗ್ಗುತ್ತದೆ ಅನ್ನೋದು ನನ್ನ ಲೆಕ್ಕಾಚಾರ. ಓಟಕ್ಕಿಂತ ಅದರ ಹಿಂದಿನ ಕಾಗದಪತ್ರವೇ ಕಷ್ಟ.

ಕಾಗದಪತ್ರದ ಕಥೆ ಜುಲೈನಲ್ಲಿ ಶುರುವಾಯಿತು. ಓಟ ನವೆಂಬರಿನಲ್ಲಿ. ಫಾರ್ಮಿನ ಮೊದಲ ಪುಟದಲ್ಲೇ ತಡೆ. ಹಿಂದಿನ 18 ತಿಂಗಳಲ್ಲಿ 21 ಕಿಲೋಮೀಟರ್ ಓಡಿದ ಪುರಾವೆ ಬೇಕು, 10 ಕಿಲೋಮೀಟರಿನದು ನಡೆಯುವುದಿಲ್ಲ. ಸರಿ, ಆಗಸ್ಟಿನಲ್ಲಿ ನಮ್ಮೂರ ಕಡೆಯೇ ಒಂದು ಸಣ್ಣ ಹಾಫ್ ಮ್ಯಾರಥಾನ್ ಸಿಕ್ಕಿತು, ಅರ್ಧ ನಡೆದು ಅರ್ಧ ಓಡಿ ಮುಗಿಸಿದೆ. ಅಲ್ಲಿಯ ಆಯೋಜಕರು ಟೈಮಿಂಗ್ ಸರ್ಟಿಫಿಕೇಟನ್ನು ವೆಬ್‌ಸೈಟಿಗೆ ಹಾಕಲು ಎರಡು ವಾರ ತೆಗೆದುಕೊಂಡರು. ಅಷ್ಟರಲ್ಲಿ ಇಲ್ಲಿ 30 ಕಿಲೋಮೀಟರ್ ವಿಭಾಗ ತುಂಬುತ್ತಾ ಬಂತು. ಕೂತಲ್ಲಿ ಕೂರಲಾಗದೆ ದಿನಕ್ಕೆ ನಾಲ್ಕು ಸಲ ಪುಟ ತೆರೆದು ನೋಡುತ್ತಿದ್ದೆ. ಕೊನೆಗೆ ಒಂದು ಮೇಲ್ ಬರೆದೆ: ಬಿಬ್ (ಎದೆಗೆ ಸಿಕ್ಕಿಸುವ ಓಟದ ನಂಬರ್ ಚೀಟಿ) ಜೊತೆ ತೆಗೆದ ಫೋಟೋ, ಹಣ ಕಟ್ಟಿದ ರಸೀದಿ ಕಳಿಸುತ್ತೇನೆ, ಸರ್ಟಿಫಿಕೇಟ್ ಆಮೇಲೆ ಕೊಡುತ್ತೇನೆ, ಜಾಗ ಹಿಡಿದಿಡಿ ಅಂತ. ಮಾರನೇ ದಿನವೇ ಒಪ್ಪಿದರು. ಕೇಳಿದರೆ ಕೊಡುತ್ತಾರೆ. ಸುಮ್ನೆ ಕಾಯಬೇಡಿ.

ಇನ್ನೊಂದು ತಲೆನೋವು ಹೆಸರಿನದು. ನಮ್ಮಲ್ಲಿ ಅರ್ಧ ಜನಕ್ಕೆ ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ. ಫಾರ್ಮ್ ಬಿಡುವುದಿಲ್ಲ, ಲಾಸ್ಟ್ ನೇಮ್ ಹಾಕಲೇಬೇಕು, ಅದೂ ಒಂದೇ ಅಕ್ಷರವಾದರೆ ಕೆಂಪು ಗೆರೆ ತೋರಿಸುತ್ತದೆ. ಇನಿಷಿಯಲ್ ಬಿಡಿಸಿ ತಂದೆ ಹೆಸರು ಹಾಕಿದೆ. ಆಧಾರ್‌ನಲ್ಲಿ ಬರೀ ಅಕ್ಷರ ಇದೆ. ಇದು ಮುಂದೆ ಬಿಬ್ ಕೌಂಟರಿನಲ್ಲಿ ಕಾಡಿತು, ಆ ಕಥೆ ಆಮೇಲೆ.

50 ದಾಟಿದವರೆಲ್ಲ ಒಂದು ಮೆಡಿಕಲ್ ಸರ್ಟಿಫಿಕೇಟ್ ಕೊಡಬೇಕಿತ್ತು. ನಮೂನೆ ಅವರದೇ. ಅದನ್ನು ಹಿಡಿದು ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ಕಾಗದವನ್ನೂ ನನ್ನನ್ನೂ ನೋಡಿ, ‘ಯಾಕಮ್ಮಾ, ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೇ?’ ಅಂದರು. ಸಹಿ ಹಾಕಲಿಲ್ಲ. ಸಿಟ್ಟು ಬಂತು. ಮನೆಗೆ ಬಂದು ಯೋಚಿಸಿದರೆ ಅವರದೂ ತಪ್ಪಿಲ್ಲ ಅನ್ನಿಸಿತು. ಯಾವ ಪರೀಕ್ಷೆಯೂ ಇಲ್ಲದೆ ಯಾರು ತಾನೆ ಹೊಣೆ ಹೊರುತ್ತಾರೆ? ಎರಡನೇ ಡಾಕ್ಟರ್ ಫಿಸಿಷಿಯನ್. ಅವರು ಬೇಡ ಅನ್ನಲಿಲ್ಲ, ಉದ್ದದ ಪಟ್ಟಿ ಬರೆದರು. ಇಸಿಜಿ, ಎಕೋ, ಟಿಎಂಟಿ, ರಕ್ತದಲ್ಲಿ ಸಕ್ಕರೆ, ಹಿಮೋಗ್ಲೋಬಿನ್, ಕ್ರಿಯಾಟಿನಿನ್. ಮುಟ್ಟು ನಿಂತ ಹೆಂಗಸರಿಗೆ ಮೂಳೆ ಸಾಂದ್ರತೆ ನೋಡದೆ ಬೆಟ್ಟಕ್ಕೆ ಕಳಿಸುವುದಿಲ್ಲ ಅಂತ ಡೆಕ್ಸಾ ಸ್ಕ್ಯಾನನ್ನೂ ಸೇರಿಸಿದರು. ಆ ಕೊನೆಯದು ನನಗೆ ಹೊಳೆದೇ ಇರಲಿಲ್ಲ.

ಟಿಎಂಟಿ ಅಂದರೆ ಎದೆಗೆ ವೈರ್ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸುವುದು. ಸೀರೆಯಲ್ಲಿ ಹೋಗಬೇಡಿ. ಮುಂದೆ ಗುಂಡಿ ಇರುವ ಟಾಪ್, ಪ್ಯಾಂಟ್, ಶೂ ಹಾಕಿಕೊಂಡು ಹೋಗಿ. ಹೆಂಗಸರು ಟೆಕ್ನಿಷಿಯನ್ ಯಾವ ಹೊತ್ತಿಗೆ ಇರುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಹೊಟ್ಟೆ ತುಂಬ ತಿಂದು ಹೋಗಬಾರದು. ಬ್ರೂಸ್ ಪ್ರೋಟೋಕಾಲ್ ಅಂತ ಒಂದು ಕ್ರಮ ಇದೆ. ಮೊದಲ 3 ನಿಮಿಷ 10 ಪರ್ಸೆಂಟ್ ಏರು, ಗಂಟೆಗೆ 2.7 ಕಿಲೋಮೀಟರ್ ವೇಗ. ಆಮೇಲೆ 3 ನಿಮಿಷಕ್ಕೊಮ್ಮೆ ಏರೂ ವೇಗವೂ ಜಾಸ್ತಿಯಾಗುತ್ತಾ ಹೋಗುತ್ತದೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಹೃದಯ ಬಡಿತದ ಅಂದಾಜು. ನನಗೆ 159. ಅದರ 85 ಪರ್ಸೆಂಟ್, ಅಂದರೆ 135, ಮುಟ್ಟಿದ ಮೇಲೂ ಗ್ರಾಫ್ ಸರಿಯಾಗಿದ್ದರೆ ಪಾಸು. ಮೂರನೇ ಹಂತದಲ್ಲಿ 14 ಪರ್ಸೆಂಟ್ ಏರು ಬಂದಾಗ ಟೆಕ್ನಿಷಿಯನ್ ಹುಡುಗಿ ‘ಸಾಕಾ ಆಂಟಿ?’ ಅಂದಳು. ಚಾಮುಂಡಿ ಬೆಟ್ಟ ಕೆಲಸಕ್ಕೆ ಬಂದಿದ್ದು ಅಲ್ಲೇ. ಇನ್ನೂ ಸ್ವಲ್ಪ ಹೋಗಲಿ ಅಂದೆ. ಒಂದು ಮಾತು: ಕೆಲವು ಬಿಪಿ ಮಾತ್ರೆಗಳು, ಮುಖ್ಯವಾಗಿ ಬೀಟಾ ಬ್ಲಾಕರ್‌ಗಳು, ಹೃದಯ ಬಡಿತ ಏರಲು ಬಿಡುವುದಿಲ್ಲ. ಪರೀಕ್ಷೆ ದಿನ, ಓಟದ ದಿನ ಮಾತ್ರೆ ಹೇಗೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ನೀವಾಗಿ ಬಿಡಬೇಡಿ.

ಡೆಕ್ಸಾದಲ್ಲಿ ನನ್ನ ಟಿ ಸ್ಕೋರ್ ಮೈನಸ್ 1.6 ಬಂತು. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗಲು ಶುರುವಾಗಿದೆ ಅಂತ ಅರ್ಥ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಎಲ್ಲ ಇಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಡಾಕ್ಟರ್ ಹೇಳಿದ್ದು ಬೇರೆ. ‘ಹತ್ತೋದರಿಂದ ಮೂಳೆಗೆ ಒಳ್ಳೆಯದೇ. ಬೀಳಬಾರದು ಅಷ್ಟೇ. ಎರಡು ಕೋಲು ಹಿಡಿದುಕೊಳ್ಳಿ, ವಾರಕ್ಕೆರಡು ಸಲ ಭಾರ ಎತ್ತಿ.’ ನಾನು ಜಿಮ್‌ಗೆ ಸೇರಲಿಲ್ಲ. ಮನೆಯ 5 ಕೆಜಿ ಅಕ್ಕಿ ಚೀಲ ಎದೆಗವಚಿಕೊಂಡು ಕುರ್ಚಿಯಿಂದ ಏಳುವುದು, ಕೂರುವುದು, ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುವುದು, ಇಷ್ಟನ್ನೇ ತಪ್ಪದೆ ಮಾಡಿದೆ.

ಸರ್ಟಿಫಿಕೇಟ್ ಸಿಕ್ಕಿತು, ಅಪ್‌ಲೋಡ್ ಮಾಡಿದೆ. ಎರಡು ದಿನಕ್ಕೆ ವಾಪಸ್ ಬಂತು. ಸೀಲ್ ಇದೆ, ಸಹಿ ಇದೆ, ಡಾಕ್ಟರ ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ನೋಂದಣಿ ಸಂಖ್ಯೆ ಇಲ್ಲ. ಡಾಕ್ಟರ್ ಅಷ್ಟರಲ್ಲಿ ದಸರಾ ರಜೆಗೆ ಊರಿಗೆ ಹೋಗಿದ್ದರು. ಕಾದೆ. ಸಂಖ್ಯೆ ಬರೆಸಿಕೊಂಡು ಮತ್ತೆ ಹಾಕಿದರೆ, ಓಟಕ್ಕೆ 30 ದಿನದ ಒಳಗಿನ ತಾರೀಕು ಇರಬೇಕು ಅಂದರು! ಪುಣ್ಯಕ್ಕೆ ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕಾಗಲಿಲ್ಲ, ಹೊಸ ತಾರೀಕಿನ ಕಾಗದ ಸಾಕಾಯಿತು. ನೀವು ಹೋಗುವವರಾದರೆ ಪರೀಕ್ಷೆಗಳನ್ನು ಎರಡು ತಿಂಗಳ ಮುಂಚೆಯೇ ಮುಗಿಸಿ, ಸಹಿಯನ್ನು ಮಾತ್ರ ಕೊನೆಯ ತಿಂಗಳಿಗೆ ಇಟ್ಟುಕೊಳ್ಳಿ.

ಆರೋಗ್ಯ ವಿಮೆಯ ಬಗ್ಗೆಯೂ ಕೇಳುತ್ತಾರೆ. ನನ್ನ ಮಗ ಪಾಲಿಸಿ ತೆಗೆದು ‘ಅಮ್ಮಾ, ಸಾಹಸ ಕ್ರೀಡೆಗೆ ಕವರ್ ಇಲ್ಲ’ ಅಂತ ಗಾಬರಿಪಟ್ಟ. ಪೂರ್ತಿ ಸಾಲು ಓದಿಸಿದೆ. ನಮ್ಮ ದೇಶದ ಪಾಲಿಸಿಗಳಲ್ಲಿರುವ ಆ ಷರತ್ತು ವೃತ್ತಿಪರರಾಗಿ ಭಾಗವಹಿಸುವವರಿಗೆ. ನಾನೇ ದುಡ್ಡು ಕಟ್ಟಿ ಓಡುತ್ತಿದ್ದೇನೆ, ನಾನೆಂಥ ವೃತ್ತಿಪರಳು? ಆದರೂ ವಿಮಾ ಕಂಪನಿಗೆ ಒಂದು ಮೇಲ್ ಕಳಿಸಿ ಉತ್ತರವನ್ನು ಇಟ್ಟುಕೊಂಡೆ.

ಶೂ ವಿಷಯಕ್ಕೆ ಬರೋಣ. ಟ್ರೇಲ್ ಶೂ ಬೇರೆ, ರಸ್ತೆ ಶೂ ಬೇರೆ. ಅಡಿಯಲ್ಲಿ 4ರಿಂದ 5 ಮಿಲಿಮೀಟರ್ ಹಲ್ಲು ಇರಬೇಕು, ಇಲ್ಲದಿದ್ದರೆ ಮಲೆನಾಡಿನ ಕೆಸರು ಹಿಡಿಯುವುದಿಲ್ಲ. ನನ್ನ ಅಳತೆ 4. ಅಂಗಡಿಗಳಲ್ಲಿ ಹೆಂಗಸರ ಟ್ರೇಲ್ ಶೂ ಒಂದೋ ಎರಡೋ ಮಾಡೆಲ್, ಅದೂ 5ರಿಂದ ಮೇಲೆ. ಆನ್‌ಲೈನ್‌ನಲ್ಲಿ ತರಿಸುವುದು, ಹಾಕಿ ನೋಡುವುದು, ವಾಪಸ್ ಕಳಿಸುವುದು, ಇದರಲ್ಲೇ ಒಂದು ತಿಂಗಳು ಹೋಯಿತು. ಸಂಜೆ ಹೊತ್ತು ಹಾಕಿ ನೋಡಿ, ಪಾದ ಆಗ ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬೇಕು. ಅರ್ಧ ಸೈಜು ದೊಡ್ಡದೇ ಇರಲಿ. ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿ ಹೆಡ್‌ಲ್ಯಾಂಪ್, ಸೀಟಿ, ಒಂದು ಲೀಟರ್ ನೀರು ಹಿಡಿಯುವ ಬ್ಯಾಗು, ಮಳೆ ಜಾಕೆಟ್, ಹೊಳೆಯುವ ತುರ್ತು ಹೊದಿಕೆ, ಮೊಬೈಲ್ ಇದ್ದವು. ಬ್ಯಾಗು ಕೊಳ್ಳುವಾಗ ಹೆಂಗಸರು ಎದೆಯ ಪಟ್ಟಿ ಎಲ್ಲಿ ಬರುತ್ತದೆ ಅಂತ ನೋಡಿ. ಗಂಡಸರ ಬ್ಯಾಗು ನಮಗೆ ಕುತ್ತಿಗೆ ಉಜ್ಜುತ್ತದೆ.

ಅಭ್ಯಾಸಕ್ಕೆ ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿ, ಚಾಮುಂಡಿ ಮೆಟ್ಟಿಲು, ಆಗೊಮ್ಮೆ ಈಗೊಮ್ಮೆ ಪಾಂಡವಪುರದ ಕುಂತಿ ಬೆಟ್ಟ. ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ಅಭ್ಯಾಸ ಮಾಡಿ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಾ ಭಾರ ತಡೆಯುತ್ತದೆ, ಅದಕ್ಕೇ ಮಾರನೇ ದಿನ, ಅದರ ಮಾರನೇ ದಿನ ನೋವು ಹೆಚ್ಚು. ಮೊದಮೊದಲು ಇಳಿದು ಬಂದ ಮೇಲೆ ಎರಡು ದಿನ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಅಕ್ಟೋಬರ್ ಹೊತ್ತಿಗೆ ಅದು ಮಾಯವಾಯಿತು.

ಒಂದು ಸಲವಾದರೂ ನಿಜವಾದ ಘಟ್ಟದ ಕಾಡು ನೋಡಿರಬೇಕು ಅಂತ ಮಗನ ಜೊತೆ ಕುಕ್ಕೆಗೆ ಹೋಗಿ ಕುಮಾರ ಪರ್ವತದ ದಾರಿ ಹಿಡಿದೆ. ತುದಿ 1,712 ಮೀಟರ್. ನಮ್ಮದು ದಾರಿಯಲ್ಲಿ ಸಿಗುವ ಭಟ್ಟರ ಮನೆಯವರೆಗೆ ಮಾತ್ರ, ಅಲ್ಲಿ ಅನ್ನ ಸಾಂಬಾರು ಮಜ್ಜಿಗೆ ಉಂಡು ವಾಪಸ್. ಈಗ ಸುಮ್ನೆ ಹೋಗಿ ಹತ್ತುವ ಹಾಗಿಲ್ಲ. 2024ರ ಜನವರಿಯಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಫೋಟೋ ನೀವೂ ನೋಡಿರುತ್ತೀರಿ. ಆಮೇಲೆ ಚಾರಣವನ್ನು ಕೆಲ ಕಾಲ ನಿಲ್ಲಿಸಿದರು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲಿ ಗುರುತಿನ ಚೀಟಿ ಕೊಟ್ಟು ಮೊದಲೇ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ವಾರಾಂತ್ಯ ಬೇಗ ತುಂಬುತ್ತದೆ. ನಮ್ಮಂಥ ನಿವೃತ್ತರಿಗೆ ಮಂಗಳವಾರ ಬುಧವಾರ ಇದ್ದೇ ಇದೆಯಲ್ಲ!

ಓಟದ ಹಿಂದಿನ ದಿನ ಆಧಾರ್ ತೋರಿಸಿ ಶಕ್ತಿ ಯೋಜನೆಯ ಟಿಕೆಟಿನಲ್ಲಿ ಹಾಸನ, ಅಲ್ಲಿಂದ ಚಿಕ್ಕಮಗಳೂರು. ಬಸ್ಸಿನ ಖರ್ಚು ಸೊನ್ನೆ. ಇಷ್ಟೆಲ್ಲ ದುಡ್ಡು ಸುರಿದ ಮೇಲೆ ಆ ಸೊನ್ನೆ ಟಿಕೆಟ್ ನೋಡಿ ನಗು ಬಂತು. ಊರಿನಿಂದ ಹೋಂಸ್ಟೇಗೆ ಬಸ್ಸಿಲ್ಲ, ಜೀಪಿಗೆ 600 ರೂಪಾಯಿ.

ಬಿಬ್ ಕೊಡುವ ಕಡೆ ಉದ್ದ ಸಾಲು. ಒಂದು ಗಂಟೆ ನಿಂತು ಕೌಂಟರ್ ಮುಟ್ಟಿದರೆ, ‘ಆಂಟಿ, ಫಾರ್ಮ್ ಹೆಸರೂ ಆಧಾರ್ ಹೆಸರೂ ಮ್ಯಾಚ್ ಆಗ್ತಿಲ್ಲ’ ಅಂದ ಹುಡುಗ. ಇನಿಷಿಯಲ್ ಅಂದರೆ ತಂದೆಯ ಹೆಸರು ಅಂತ ಬಿಡಿಸಿ ಹೇಳಿದೆ. ಅವನಿಗೆ ಗೊತ್ತು, ಅವನ ಕಂಪ್ಯೂಟರಿಗೆ ಗೊತ್ತಿಲ್ಲ. ಬೇರೆ ಸಾಲಿಗೆ ಕಳಿಸಿದರು. ಅಲ್ಲಿ ನನ್ನ ಹಾಗೆ ಇನಿಷಿಯಲ್ ಇರುವವರದೇ ಗುಂಪು, ಎಲ್ಲ ಕನ್ನಡ ತಮಿಳು ಜನ. ಪ್ಯಾನ್ ಕಾರ್ಡಿನಲ್ಲಿ ನನ್ನ ಹೆಸರು ಪೂರ್ತಿ ಇತ್ತು, ಅದು ಕೈ ಹಿಡಿಯಿತು. ಎರಡು ಗುರುತಿನ ಚೀಟಿ ಇಟ್ಟುಕೊಂಡೇ ಹೋಗಿ. ಬಿಬ್ ಜೊತೆ ಟೈಮಿಂಗ್ ಚಿಪ್ ಕೊಟ್ಟು 500 ರೂಪಾಯಿ ಠೇವಣಿ ತಗೊಂಡರು.

ಸಂಜೆ ಬ್ರೀಫಿಂಗ್. ಆನೆ ಓಡಾಡುವ ಸೀಮೆ, ಕತ್ತಲಲ್ಲಿ ಒಬ್ಬರೇ ಹೋಗಬೇಡಿ ಅಂದರು. ಅರಣ್ಯದೊಳಗೆ ಅನುಮತಿ ಸಿಗುವುದು ಕಷ್ಟ, ಅದಕ್ಕೇ ದಾರಿ ಬಹುಪಾಲು ಖಾಸಗಿ ತೋಟಗಳಲ್ಲೇ ಸಾಗುತ್ತದೆ. ಒಟ್ಟು ಏರು 900 ಮೀಟರ್, ಗಡುವು 8 ಗಂಟೆ. ಹೋಂಸ್ಟೇಗೆ ಬಂದು ಲೆಕ್ಕ ಹಾಕಿದೆ. 1892ರಲ್ಲಿ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಚಾರಣಿಗ ಒಂದು ಸೂತ್ರ ಮಾಡಿದ್ದಾನೆ. 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮೇಲೊಂದು ಗಂಟೆ. ಹಾಗೆ ಹಿಡಿದರೆ 6 ಗಂಟೆ, ಏರಿಗೆ ಒಂದೂವರೆ, ಒಟ್ಟು ಏಳೂವರೆ. ಅಂದರೆ ಒಂದು ಹೆಜ್ಜೆಯೂ ಓಡದೆ, ನಿಲ್ಲದೆ ಚುರುಕಾಗಿ ನಡೆದರೂ ಅರ್ಧ ಗಂಟೆ ಉಳಿಯುತ್ತದೆ. ಆ ಅರ್ಧ ಗಂಟೆಯಲ್ಲಿ ತಿನ್ನೋದು, ಟಾಯ್ಲೆಟ್, ಇಂಬಳ (ಜಿಗಣೆ) ತೆಗೆಯೋದು ಎಲ್ಲ ಆಗಬೇಕು. ಹೆದರಿಕೆಯೂ ಆಯಿತು, ಧೈರ್ಯವೂ ಬಂತು. ರಾತ್ರಿ ಮಳೆ ಸುರಿಯಿತು.

ಬೆಳಿಗ್ಗೆ ಆರೂವರೆಗೆ ಹೊರಟೆವು. ಮೊದಲ ಎರಡು ಕಿಲೋಮೀಟರಿನಲ್ಲೇ ಎಲ್ಲರೂ ನನ್ನನ್ನು ದಾಟಿ ಹೋದರು. ಹೋಗಲಿ ಅಂತ ಬಿಟ್ಟೆ. ಒಂದು ದಣಪೆ ದಾಟಿ ಒಳಗೆ ಹೋದರೆ ಸಿಲ್ವರ್ ಓಕ್ ಮರಗಳು, ಮೈತುಂಬ ಮೆಣಸಿನ ಬಳ್ಳಿ, ಕೆಳಗೆ ಸೊಂಟದೆತ್ತರದ ಅರೇಬಿಕಾ ಗಿಡ. ಹಣ್ಣು ಇನ್ನೂ ಬಹುಪಾಲು ಹಸಿರು, ಗೊಂಚಲಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪಾಗಿತ್ತು. ಎಲೆಯಿಂದ ರಾತ್ರಿಯ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಉಸಿರು, ಕೋಲಿನ ಸದ್ದು, ದೂರದಲ್ಲಿ ಎಲ್ಲೋ ನಾಯಿ. ಇದಕ್ಕೇ ಅಲ್ವಾ ಬಂದಿದ್ದು ಅನ್ನಿಸಿತು.

ಇಂಬಳದ ಬಗ್ಗೆ ಎಲ್ಲರೂ ಹೆದರಿಸಿದ್ದರು. ಮೊದಲನೆಯದನ್ನು ನಾನು ನೋಡಿದ್ದು ಒಂದು ಕಲ್ಲಿನ ಮೇಲೆ ಕೂತು ಲೇಸ್ ಬಿಗಿ ಮಾಡುವಾಗ. ಕಾಲುಚೀಲದ ಮೇಲೆ ದಾರದಷ್ಟು ತೆಳ್ಳಗೆ ನಿಂತು ಮೂತಿ ಆಡಿಸುತ್ತಿತ್ತು. ಬಟ್ಟೆಯ ನೂಲಿನ ನಡುವೆ ಸಂದು ಹುಡುಕಿತು, ಬಗ್ಗಿತು, ಮತ್ತೆ ಎದ್ದಿತು. ನಾನೂ ಎಲ್ಲ ಮರೆತು ಅದನ್ನೇ ನೋಡುತ್ತಾ ಕೂತೆ. ಆಮೇಲೆ ಬೆರಳಿಂದ ಚಿಮ್ಮಿಸಿದೆ. ಕಚ್ಚಿದರೆ ಎಳೆಯಬೇಡಿ, ಉಗುರಿನಿಂದ ಅದರ ಬಾಯಿಯ ಬದಿಯಲ್ಲಿ ಮೆಲ್ಲಗೆ ಜಾರಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಅದರ ಎಂಜಲಲ್ಲಿದೆ, ಅದಕ್ಕೇ ಬಹಳ ಹೊತ್ತು ಸೋರುತ್ತದೆ. ಗಾಬರಿ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮಾತ್ರ ಮೊದಲೇ ಡಾಕ್ಟರಿಗೆ ಹೇಳಿ. ತೋಟದವರು ಸುಣ್ಣ ಹೊಗೆಸೊಪ್ಪು ಹಚ್ಚುತ್ತಾರೆ, ನಾನು ಉದ್ದನೆಯ ಇಂಬಳದ ಕಾಲುಚೀಲ ಹಾಕಿದ್ದೆ.

ಎಂಟನೇ ಕಿಲೋಮೀಟರಿನ ಹತ್ತಿರ ಮೊದಲ ಏಡ್ ಸ್ಟೇಷನ್. ಕಲ್ಲಂಗಡಿ, ಬಾಳೆಹಣ್ಣು, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ. ಆ ಆಲೂಗಡ್ಡೆಗೆ ಸಮ ಯಾವುದೂ ಇಲ್ಲ. ಜೆಲ್ ಅಂತ ಕೊಡುತ್ತಾರಲ್ಲ, ಅದು ನನಗೆ ಹೊಟ್ಟೆ ತೊಳೆಸುತ್ತದೆ. ಕಡಲೆಬೀಜದ ಚಿಕ್ಕಿ, ಖರ್ಜೂರ ಜೇಬಲ್ಲಿತ್ತು. ಬರೀ ನೀರನ್ನೇ ಗಟಗಟ ಕುಡಿಯುತ್ತಾ ಹೋಗಬೇಡಿ. ರಕ್ತದಲ್ಲಿ ಸೋಡಿಯಂ ಇಳಿದರೆ ನೀರಡಿಕೆಗಿಂತ ಅಪಾಯ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ದಪ್ಪಗೆ ಮಾಡಬೇಡಿ. ಟಾಯ್ಲೆಟ್ ಇದ್ದದ್ದು ಇಲ್ಲೊಂದೇ ಕಡೆ. ಮುಂದೆ ಇಲ್ಲ. ಬೇಕಿದ್ದರೂ ಬೇಡದಿದ್ದರೂ ಹೋಗಿಯೇ ಹೊರಡಿ.

ಆಮೇಲೆ ದೊಡ್ಡ ಏರು. ಇಪ್ಪತ್ತು ಹೆಜ್ಜೆ, ಉಸಿರು, ಇಪ್ಪತ್ತು ಹೆಜ್ಜೆ, ಉಸಿರು. ಮೊದಲು ನನ್ನನ್ನು ದಾಟಿ ಹೋಗಿದ್ದ ಹುಡುಗರು ಇಬ್ಬರು ಮೂವರು ದಾರಿಬದಿ ಸೊಂಟ ಹಿಡಿದು ನಿಂತಿದ್ದರು. ಅವರನ್ನು ದಾಟುವಾಗ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಮೇಲೆ ಬೋಳು ದಿಣ್ಣೆ, ಹುಲ್ಲು, ಗಾಳಿ. ಮೋಡ ಒಮ್ಮೆ ಸರಿದಾಗ ಮುಳ್ಳಯ್ಯನಗಿರಿ ಕಂಡಿತು. 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ್ದು. ಜೊತೆಯಲ್ಲಿದ್ದವರೆಲ್ಲ ಮೊಬೈಲ್ ತೆಗೆದರು. ನಾನು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಹೊರಟೆ. ಗಡುವಿನ ಲೆಕ್ಕ ತಲೆಯಲ್ಲಿ ಕೊರೆಯುತ್ತಿತ್ತು.

ಹದಿನೇಳನೇ ಕಿಲೋಮೀಟರಿನ ನಂತರ ಮೂರು ದಾರಿ ಕೂಡುವ ಕಡೆ ದಾರಿ ತೋರಿಸಲು ಕಟ್ಟುವ ರಿಬ್ಬನ್ ಇಲ್ಲ. ಹಿಂದೆ ಇದೆ, ಮುಂದೆ ಇಲ್ಲ. ಯಾರು ಕಿತ್ತರೋ, ಕಟ್ಟಲೇ ಇಲ್ಲವೋ. ಆಯೋಜಕರ ತುರ್ತು ಸಂಖ್ಯೆಗೆ ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಹಿಂದೆ ಮುಂದೆ ಯಾರೂ ಕಾಣದೆ ಎದೆ ಸ್ವಲ್ಪ ಡವಡವ ಅಂದಿತು. ಅಷ್ಟರಲ್ಲಿ ತೋಟದಲ್ಲಿ ಹಣ್ಣಾದ ಕಾಯಿ ಮಾತ್ರ ಆರಿಸಿ ಕೀಳುವ ಫ್ಲೈ ಪಿಕಿಂಗ್ ಮಾಡುತ್ತಿದ್ದ ಹೆಂಗಸರ ಮಾತು ಕೇಳಿಸಿತು. ಒಬ್ಬಳು ಗಿಡದ ಮಧ್ಯದಿಂದಲೇ, ‘ಅಮ್ಮಾ, ನಿಮ್ಮೋರೆಲ್ಲ ಕೆಳಗಿನ ದಾರೀಲಿ ಹೋದ್ರು’ ಅಂದಳು. ಹೊರಟವಳನ್ನು ನಿಲ್ಲಿಸಿ, ‘ಓಡಿದ್ರೆ ಎಷ್ಟು ಕೊಡ್ತಾರೆ?’ ಅಂತ ಕೇಳಿದಳು. ನಾನೇ ನಾಲ್ಕು ಸಾವಿರ ಕೊಟ್ಟು ಬಂದಿದ್ದೇನೆ ಅಂದೆ. ಅವಳು ಹಿಂದೆ ತಿರುಗಿ ಉಳಿದವರಿಗೆ ಕೂಗಿ ಹೇಳಿದಳು. ಇಡೀ ತೋಟ ನಕ್ಕಿತು. ನಾನೂ ನಗುತ್ತಲೇ ಇಳಿದೆ. ಹೊರಡುವ ಮುಂಚೆ ದಾರಿಯ ನಕ್ಷೆ ಇರುವ ಜಿಪಿಎಕ್ಸ್ ಫೈಲನ್ನು ನೆಟ್‌ವರ್ಕ್ ಇಲ್ಲದೆಯೂ ತೆರೆಯುವ ಹಾಗೆ ಮೊಬೈಲಿಗೆ ಇಳಿಸಿಕೊಂಡಿರಿ. ಮುಂದಿನ ಎರಡು ಕವಲಿನಲ್ಲಿ ನನ್ನನ್ನು ಕಾಪಾಡಿದ್ದು ಅದೇ.

ಇಪ್ಪತ್ತನೇ ಕಿಲೋಮೀಟರಿನ ಸ್ಟೇಷನ್ನಿಗೆ ಮಧ್ಯದ ಕಟ್ ಆಫ್, ಅಂದರೆ ಅಲ್ಲಿಗೆ ಮುಟ್ಟಬೇಕಾದ ಗಡುವು. ಆ ಹೊತ್ತು ಮೀರಿದರೆ ಜೀಪು ಹತ್ತಿಸಿಬಿಡುತ್ತಾರೆ. 11 ನಿಮಿಷ ಬಾಕಿ ಇರುವಾಗ ಮುಟ್ಟಿದೆ. ಅಲ್ಲಿಂದ ಮುಂದೆ ಸ್ವೀಪರ್‌ಗಳು, ಅಂದರೆ ಕೊನೆಯವರ ಹಿಂದೆ ರಿಬ್ಬನ್ ಬಿಚ್ಚಿಕೊಂಡು ಬರುವ ಇಬ್ಬರು ಹುಡುಗರು, ನನ್ನ ಹಿಂದೆಯೇ ಇದ್ದರು. ಕೊನೆಯವರಾಗುವುದು ಅವಮಾನ ಅಂದುಕೊಂಡಿದ್ದವಳಿಗೆ ಇದು ಭದ್ರತೆ ಅಂತ ಗೊತ್ತಾಯಿತು. ಅವರು ಅವಸರ ಮಾಡಲಿಲ್ಲ. ಒಬ್ಬ ತರೀಕೆರೆ ಕಡೆಯವನು, ದಾರಿಯುದ್ದಕ್ಕೂ ಹಕ್ಕಿಗಳ ಹೆಸರು ಹೇಳಿದ.

ಕೊನೆಯ ಇಳಿಜಾರು ಕೆಮ್ಮಣ್ಣಿನದು, ರಾತ್ರಿ ಮಳೆಗೆ ಬಚ್ಚಲ ಪಾಚಿಯ ಹಾಗಾಗಿತ್ತು. ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಬಗ್ಗಿಸಿ, ಕೋಲು ಮುಂದೆ. ಡಾಕ್ಟರ ಮಾತು ಕಿವಿಯಲ್ಲಿತ್ತು: ಬೀಳಬಾರದು ಅಷ್ಟೇ. ಕೆಸರು ಮುಗಿದು ತರಗೆಲೆ ಹಾಸಿದ ಗಟ್ಟಿ ದಾರಿ ಬಂದ ಮೇಲೆ ಕಾಲು ತಾನಾಗಿ ಓಡಿತು. ಇಪ್ಪತ್ತಾರು ಕಿಲೋಮೀಟರ್ ಆದಮೇಲೆ ಹೀಗೆ ಓಡಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ. ಬಾಯಿಬಿಟ್ಟು ನಗುತ್ತಿದ್ದೆ ಅಂತ ಸ್ವೀಪರ್ ಹುಡುಗ ಆಮೇಲೆ ಹೇಳಿದ.

7 ಗಂಟೆ 41 ನಿಮಿಷಕ್ಕೆ ಮುಗಿಸಿದೆ. ಗೆಲುವಿನ ಕಮಾನಿನ ಗಾಳಿ ಬಿಡಲು ಶುರು ಮಾಡಿದ್ದರು, ನನ್ನನ್ನು ನೋಡಿ ಮತ್ತೆ ಊದಿಸಿದರು. ಮೆಡಲ್ ಹಾಕಿದರು. ಊಟದಲ್ಲಿ ಅನ್ನ ಸಾರು ಉಳಿದಿತ್ತು, ಪಲ್ಯ ಖಾಲಿ. ಗಡುವು ಮುಗಿಯುವವರೆಗೆ ಊಟ ಇಡಬೇಕು ಅಲ್ವಾ? ಮಗ ಬರುವಾಗ ತಂದಿದ್ದ ಮೊಸರನ್ನ ಕೊಟ್ಟ. 50 ದಾಟಿದವರಿಗೆಲ್ಲ ಒಂದೇ ವಿಭಾಗ ಇಟ್ಟಿದ್ದರು. 51ರವರನ್ನೂ 61ರವರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ? ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಇದನ್ನೆಲ್ಲ ಬರೆದಿದ್ದೇನೆ.

ಮನೆಗೆ ಬಂದ ಮೇಲಿನ ಎರಡು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ನೋವಿಗೆ ಅಂಗಡಿಯ ಬ್ರೂಫೆನ್ ಥರದ ಮಾತ್ರೆ ನುಂಗಬೇಡಿ. ಬೆವರು ಸುರಿದು ಒಣಗಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಭಾರ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಕಾಯದೆ ಆಸ್ಪತ್ರೆಗೆ ಹೋಗಿ, ಸ್ನಾಯು ಒಡೆದ ಲಕ್ಷಣ ಅದು. ಕಾಲಿನ ಎರಡು ಉಗುರು ಕಪ್ಪಾಗಿವೆ. ಹಾಗೇ ಬಿಡಿ, ಹೊಸದು ಬಂದಾಗ ಹಳೆಯದು ತಾನೇ ಬೀಳುತ್ತದೆ. ಡಿಸೆಂಬರಿನಿಂದ ಬೇಸಿಗೆಯವರೆಗೆ ಮಲೆನಾಡಿನ ಕಾಡಿಗೆ ಅಭ್ಯಾಸಕ್ಕೆ ಹೋಗುವವರು ಉಣುಗಿನ ಬಗ್ಗೆ ಎಚ್ಚರ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲ ಅದು. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಬಂದ ಕೂಡಲೇ ಬಿಸಿನೀರ ಸ್ನಾನ, ಮೈಯೆಲ್ಲ ಹುಡುಕಿ ನೋಡುವುದು, ಬಟ್ಟೆ ಬಿಸಿನೀರಿಗೆ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಖರ್ಚು ಕೇಳುವವರಿಗೆ: ಓಟದ ಶುಲ್ಕ 4,200, ಅದಕ್ಕೆ ಮುಂಚಿನ ಹಾಫ್ ಮ್ಯಾರಥಾನಿಗೆ 1,100. ಪರೀಕ್ಷೆ, ಡಾಕ್ಟರ್ ಫೀ ಎಲ್ಲ ಸೇರಿ 7,200. ಶೂ 7,500, ಬ್ಯಾಗು, ಕೋಲು, ಲ್ಯಾಂಪು ಸೇರಿ 6,100. ಹೋಂಸ್ಟೇ ಊಟ ಸಮೇತ 4,000, ಜೀಪು 600. ಹತ್ತಿರ ಹತ್ತಿರ 31 ಸಾವಿರ. ಶೂ, ಬ್ಯಾಗು, ಕೋಲು ಮುಂದಿನ ಓಟಕ್ಕೂ ಬರುತ್ತವೆ ಅಂತ ಯಜಮಾನರಿಗೆ ಹೇಳಿದ್ದೇನೆ. ‘ಮುಂದಿನ ಓಟವಾ?’ ಅಂದರು. ಚಿಪ್ಪಿನ ಠೇವಣಿ 500 ಇನ್ನೂ ಖಾತೆಗೆ ಬಂದಿಲ್ಲ, ಮೇಲ್ ಹಾಕಿ ಕಾಯುತ್ತಿದ್ದೇನೆ. ಚಿಪ್ ವಾಪಸ್ ಕೊಡುವಾಗ ನೀವು ಒಂದು ರಸೀದಿ ಕೇಳಿ ತಗೊಳ್ಳಿ, ಇಲ್ಲ ಅಂದರೆ ಕೊಟ್ಟಿದ್ದರ ಫೋಟೋವನ್ನಾದರೂ ತೆಗೆದಿಟ್ಟುಕೊಳ್ಳಿ.